ಎರಡೂ ದಂಡಿನ ಕಥೆ

ಕೇಳುಗರಿಗೆಲ್ಲ ನಮಸ್ಕಾರ.

ಆಷಾಢ ಹಿಡಿಯಿತೆಂದರೆ ನಮ್ಮ ಮನೆಯ ಪುಸ್ತಕಗಳೆಲ್ಲ ಅಡುಗೆಮನೆಯ ಪಕ್ಕದ ಕೋಣೆಗೆ ಬಂದುಬಿಡುತ್ತವೆ. ಒಲೆಯ ಕಾವು ಗೋಡೆಯನ್ನು ದಾಟಿ ಅಲ್ಲಿಗೆ ತಲುಪುವುದರಿಂದ ಬೂಷ್ಟು ಹಿಡಿಯುವುದು ಸ್ವಲ್ಪ ಕಡಿಮೆ. ಆದರೂ ವಾರಕ್ಕೊಮ್ಮೆ ಒಂದೊಂದನ್ನೇ ತೆಗೆದು, ರಟ್ಟನ್ನು ಒಣಬಟ್ಟೆಯಿಂದ ಒರೆಸಿ, ಹಾಳೆಗಳನ್ನು ಬಿಡಿಸಿ ಗಾಳಿಯಾಡಿಸಬೇಕು. ಹಾಗೆ ಒರೆಸುತ್ತ ಕುಳಿತಾಗ ಯಾವ ಪುಸ್ತಕ ಕೈಯಿಂದ ಕೆಳಗಿಳಿಯಲು ಒಪ್ಪದೆ ಮತ್ತೆ ಓದಿಸಿಕೊಳ್ಳುತ್ತದೆಯೋ ಅದು ಒಳ್ಳೆಯ ಪುಸ್ತಕ ಎಂದು ನನ್ನ ನಂಬಿಕೆ. ಈ ಮಳೆಗಾಲದಲ್ಲಿ ಹಾಗೆ ಓದಿಸಿಕೊಂಡ ನಾಲ್ಕು ಪುಸ್ತಕಗಳ ಬಗ್ಗೆ ಹೇಳಲು ಬಂದಿದ್ದೇನೆ. ನಾಲ್ಕೂ ಇತಿಹಾಸದವು, ಹೆಚ್ಚಿನವು ಯುದ್ಧದ ಇತಿಹಾಸದವು, ನಾಲ್ಕೂ ಇಂಗ್ಲಿಷಿನವು.

ಬಹಳ ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಯುದ್ಧದ ಪುಸ್ತಕ ಕೈಗೆ ಬಂದರೆ ಮೊದಲು ಹುಡುಕುವುದು ಒಂದೇ ಸಂಗತಿಯನ್ನು: ಎದುರು ದಂಡಿನವರು ಬರೆದಿಟ್ಟದ್ದನ್ನು ಈ ಲೇಖಕ ಓದಿದ್ದಾನೆಯೇ? ಓದಿದ್ದರೆ ಪುಸ್ತಕವನ್ನು ಮನೆಗೆ ತರುತ್ತೇನೆ. ಇಲ್ಲದಿದ್ದರೆ ಅಂಗಡಿಯಲ್ಲೇ ಬಿಟ್ಟು ಬರುತ್ತೇನೆ.

ಈ ಹಟ ಏಕೆಂದರೆ, ಕೊಡಗಿನ ಒಬ್ಬ ವೀರನ ಕಥೆ ಕೇಳಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1965ರ ಸೆಪ್ಟೆಂಬರ್ 7ರ ಬೆಳಗ್ಗೆ ಭಾರತೀಯ ವಾಯುಪಡೆಯ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ಯಾರಾದರೂ ಹಿಂದೆ ಬಿದ್ದರೆ ಇರಲಿ ಎಂದು ಮೀಸಲಿಟ್ಟ ವಿಮಾನ ದೇವಯ್ಯ ಅವರದು. ಮೀಸಲಿನವರು ದಂಡಿನೊಡನೆ ಸೇರಿಕೊಂಡರು, ಹೋದರು, ಮರಳಲಿಲ್ಲ. ಜೊತೆಗಿದ್ದವರು ಯಾರೂ ಅವರ ಕೊನೆಯ ಗಳಿಗೆಯನ್ನು ಕಂಡಿರಲಿಲ್ಲ. ಕಡತದಲ್ಲಿ ಉಳಿದದ್ದು 'ಕಾಣೆಯಾಗಿದ್ದಾರೆ' ಎಂಬ ಮಾತು ಮಾತ್ರ. ಮನೆಯವರ ಪಾಲಿಗೂ ಅಷ್ಟೇ.

ಹದಿನಾಲ್ಕು ವರ್ಷ ಕಳೆಯಿತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಆ ವಾಯುಯುದ್ಧದ ಬಗ್ಗೆ ಒಂದು ಪುಸ್ತಕ ಬರೆದ. ಅವನಿಗೆ ಮಾಹಿತಿ ಕೊಟ್ಟದ್ದು ಪಾಕಿಸ್ತಾನದ ವಾಯುಪಡೆ. ಅದರಲ್ಲಿ ಒಂದು ಸಂಗತಿ ಹೊರಬಿತ್ತು. ಅಂದು ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದು ನೆಲಕ್ಕುರುಳಿತ್ತು, ಅದನ್ನು ಉರುಳಿಸಿದ್ದು ಒಂದು ಮಿಸ್ಟೇರ್. ಸ್ಟಾರ್‌ಫೈಟರ್ ಎಂದರೆ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಅಮೆರಿಕದ ವಿಮಾನ. ಮಿಸ್ಟೇರ್ ಅದರ ಮುಂದೆ ಹಳೆಯದು, ನಿಧಾನದ್ದು. ಏಟು ತಿಂದ ಮೇಲೂ ತಿರುಗಿ ನಿಂತು ಹೊಡೆದ ಆ ಮಿಸ್ಟೇರ್ ಯಾರದು? ಮರಳಿ ಬಾರದವರನ್ನು ಎಣಿಸಿ, ಹೊತ್ತು ಗೊತ್ತುಗಳನ್ನು ತಾಳೆ ನೋಡಿದಾಗ ಉಳಿದದ್ದು ದೇವಯ್ಯ ಅವರ ಹೆಸರು. 1988ರಲ್ಲಿ, ಇಪ್ಪತ್ತಮೂರು ವರ್ಷಗಳ ಬಳಿಕ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ನಮ್ಮವನ ಶೌರ್ಯಕ್ಕೆ ಸಾಕ್ಷಿ ನುಡಿದದ್ದು ಅವನೊಡನೆ ಕಾದಾಡಿದವರ ದಾಖಲೆ. ಇದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಹತ್ತಿರ ಸುಳಿಯಲಿಲ್ಲ.

ಈ ಯುದ್ಧವನ್ನು ಒಂದೊಂದು ದಿನ, ಒಂದೊಂದು ಹಾರಾಟದ ಲೆಕ್ಕದಲ್ಲಿ, ಎರಡೂ ಕಡೆಯ ನಷ್ಟವನ್ನು ಎದುರುಬದುರು ಇಟ್ಟು ಬರೆದವರು ಪಿ.ವಿ.ಎಸ್. ಜಗನ್ ಮೋಹನ್ ಮತ್ತು ಸಮೀರ್ ಚೋಪ್ರಾ. 'ದಿ ಇಂಡಿಯಾ-ಪಾಕಿಸ್ತಾನ್ ಏರ್ ವಾರ್ ಆಫ್ 1965' ಎಂಬುದು ಪುಸ್ತಕದ ಹೆಸರು. 2005ರಲ್ಲಿ ಬಂದದ್ದು, ಹೊಸತಲ್ಲ ನಿಜ. ಆದರೆ ಯುದ್ಧದ ಇತಿಹಾಸ ಓದಲು ಹೊರಡುವ ಹುಡುಗರಿಗೆ ನಾನು ಮೊದಲು ಕೊಡುವುದು ಇದನ್ನೇ. ನಮ್ಮ ವಾಯುಪಡೆಯ ತಪ್ಪುಗಳನ್ನೂ ಮುಚ್ಚಿಡದೆ ಬರೆದಿದ್ದಾರೆ.

ಎರಡನೆಯದು ನಮ್ಮ ನೆಲದ್ದೇ. ಅನಿರುದ್ಧ ಕನಿಸೆಟ್ಟಿ ಅವರ 'ಲಾರ್ಡ್ಸ್ ಆಫ್ ದ ಡೆಕ್ಕನ್', 2022ರದು. ಚಾಲುಕ್ಯರಿಂದ ಚೋಳರವರೆಗಿನ ದಕ್ಷಿಣಾಪಥದ ಕಥೆ. ಪಾಠಪುಸ್ತಕದಲ್ಲಿ ಇಮ್ಮಡಿ ಪುಲಕೇಶಿ ಎಂದರೆ ಹರ್ಷನನ್ನು ಸೋಲಿಸಿದವನು, ಅಲ್ಲಿಗೆ ಮುಗಿಯಿತು. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ತನ್ನ ದೊರೆಯನ್ನು ಹಾಡಿ ಹೊಗಳಿದ್ದಾನೆ, ಹರ್ಷನ ಹರ್ಷವೇ ಅಳಿಯಿತೆಂದು ಶ್ಲೇಷೆಯನ್ನೂ ಮಾಡಿದ್ದಾನೆ. ಅದಾಗಿ ಹತ್ತು ವರ್ಷ ತುಂಬುವುದರೊಳಗೆ ಪಲ್ಲವ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದು, ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನ ಕೆತ್ತಿಸಿದ. ಮುಂದೆ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಕಂಚಿಗೆ ನುಗ್ಗಿದ. ನುಗ್ಗಿದವನು ಕೈಲಾಸನಾಥ ದೇಗುಲದ ಸಂಪತ್ತನ್ನು ಕಂಡು, ಅದನ್ನು ದೇವರಿಗೇ ಮರಳಿ ಬಿಟ್ಟೆ ಎಂದು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಗೆದ್ದವನ ಮಾತು ಸೋತವನ ಊರಿನ ಕಲ್ಲಿನಲ್ಲಿ! ಇತ್ತಲಿನ ಶಾಸನ ಮತ್ತು ಅತ್ತಲಿನ ಶಾಸನ ಎರಡನ್ನೂ ಕೂಡಿಸಿ ಓದಿದಾಗಲೇ ಆ ಕಾಲ ಕಣ್ಣಿಗೆ ಕಟ್ಟುತ್ತದೆ. ಕನಿಸೆಟ್ಟಿ ಅವರ ಕಲ್ಪನೆ ಕೆಲವೆಡೆ ತುಸು ಮುಂದೋಡುತ್ತದೆ, ರಾಜನ ಮನಸ್ಸಿನೊಳಗೆ ಹೊಕ್ಕು ನೋಡಿದಂತೆ ಬರೆಯುತ್ತಾರೆ. ಅಂಥ ಕಡೆ ನಾನು ಪೆನ್ಸಿಲ್ ಗೆರೆ ಎಳೆದಿದ್ದೇನೆ. ಹಾಗಿದ್ದರೂ ಶಾಸನಗಳಿಗೆ ಇಷ್ಟು ಜೀವ ತುಂಬುವ ಬರಹ ಅಪರೂಪ.

ಮೂರನೆಯದು ಪ್ರೊಬಾಲ್ ದಾಸ್‌ಗುಪ್ತ ಅವರ 'ವಾಟರ್‌ಷೆಡ್ 1967'. 1962ರ ಸೋಲು ಎಲ್ಲರಿಗೂ ಗೊತ್ತು. ಅದಾದ ಐದೇ ವರ್ಷಕ್ಕೆ ಸಿಕ್ಕಿಮ್ ಗಡಿಯ ನಾಥೂ ಲಾ ಮತ್ತು ಚೋ ಲಾಗಳಲ್ಲಿ ನಮ್ಮ ಸೈನಿಕರು ಚೀನೀಯರನ್ನು ತಡೆದು ನಿಲ್ಲಿಸಿದ್ದು ನೆನಪಿರುವವರು ಕಡಿಮೆ. ಗಡಿಯುದ್ದಕ್ಕೂ ಮುಳ್ಳುತಂತಿ ಬಿಗಿಯುವ ಕೆಲಸದಿಂದ ಹುಟ್ಟಿದ ಜಗಳ ಅದು, ಸೆಪ್ಟೆಂಬರ್ 11ರಂದು ಗುಂಡಿನ ಮಳೆಯಾಯಿತು. ಜನರಲ್ ಸಗತ್ ಸಿಂಗ್ ಅವರ ಪಾತ್ರವನ್ನು ಲೇಖಕರು ಚೆನ್ನಾಗಿ ಕಟ್ಟಿಕೊಟ್ಟಿದ್ದಾರೆ. ಸೇನೆಯಲ್ಲಿ ಹವಾಲ್ದಾರ್ ಆಗಿರುವ ನಮ್ಮ ನೆರೆಮನೆಯ ಹುಡುಗ ರಜೆಗೆ ಬಂದಾಗ ಪುಸ್ತಕವನ್ನು ಅವನ ಕೈಗಿತ್ತೆ. ಎರಡು ದಿನ ಬಿಟ್ಟು ಬಂದು, "ಮೇಷ್ಟ್ರೇ, 14,000 ಅಡಿಯ ಮೇಲೆ ಒಂದು ಗೂಟ ಹುಗಿಯುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಅಂಥ ಕಡೆ ತಂತಿ ಬಿಗಿಯುವವರ ಕೈಯಲ್ಲಿ ಬಂದೂಕು ಇರುವುದಿಲ್ಲ" ಎಂದ. ಆಮೇಲೆ ನಾನು ಆ ಅಧ್ಯಾಯವನ್ನು ಮತ್ತೊಮ್ಮೆ ಓದಿದೆ.

ನಾಲ್ಕನೆಯದು ರಘು ಕಾರ್ನಾಡ್ ಅವರ 'ಫಾರ್ದೆಸ್ಟ್ ಫೀಲ್ಡ್'. ಎರಡನೆಯ ಮಹಾಯುದ್ಧದಲ್ಲಿ ಭಾರತದಿಂದ 25 ಲಕ್ಷ ಜನ ಸೇನೆ ಸೇರಿದರು. ಅವರಲ್ಲಿ ತಮ್ಮ ಅಜ್ಜಿಯ ಕುಟುಂಬಕ್ಕೆ ಸೇರಿದ ಮೂವರು ಯುವಕರ ಜಾಡು ಹಿಡಿದು ಲೇಖಕರು ಹೋಗಿದ್ದಾರೆ. ಮೂವರೂ ಮನೆಗೆ ಮರಳಲಿಲ್ಲ. ಹೆಚ್ಚು ಹೇಳುವುದಿಲ್ಲ, ಓದಿ.

ಇಷ್ಟನ್ನೂ ಓದುವಾಗ ನನ್ನ ಮನಸ್ಸು ಹೊಸನಗರದಾಚೆಯ ಬಿದನೂರಿಗೆ, ಇಂದು ನಗರ ಎಂದು ಕರೆಯುವ ಊರಿಗೆ ಹೋಗುತ್ತಲೇ ಇತ್ತು. ಕೆಳದಿ ಅರಸರ ರಾಜಧಾನಿ. 1763ರಲ್ಲಿ ಹೈದರಾಲಿ ಹಿಡಿದ. 1783ರ ಮೊದಲ ತಿಂಗಳುಗಳಲ್ಲಿ ಕಂಪನಿಯ ಜನರಲ್ ಮ್ಯಾಥ್ಯೂಸ್ ಹಿಡಿದ. ಏಪ್ರಿಲ್ ಕೊನೆಯ ಹೊತ್ತಿಗೆ ಟಿಪ್ಪುವಿನ ಮುತ್ತಿಗೆಗೆ ಮಣಿದು ಅವನೂ ಕೋಟೆ ಬಿಟ್ಟುಕೊಟ್ಟ. ಒಂದೇ ಕೋಟೆ, ಇಪ್ಪತ್ತು ವರ್ಷಗಳಲ್ಲಿ ಮೂರು ಸಲ ಕೈ ಬದಲಾಯಿಸಿತು. ಕೆಳದಿಯ ಕಡೆಯ ಮಾತು ಲಿಂಗಣ್ಣ ಕವಿಯ 'ಕೆಳದಿನೃಪವಿಜಯ'ದಲ್ಲಿದೆ. ಮೈಸೂರಿನ ಕಡೆಯದು ಕಿರ್ಮಾನಿಯ ಫಾರಸಿ ಬರಹದಲ್ಲಿದೆ. ಕಂಪನಿಯವರ ಕಾಗದಪತ್ರಗಳಿವೆ. ಈ ಮೂರನ್ನೂ ಒಟ್ಟಿಗೆ ಹರಡಿಕೊಂಡು, ನಮ್ಮ ಜಿಲ್ಲೆಯ ಹುಡುಗನೋ ಹುಡುಗಿಯೋ ಬಿದನೂರಿನ ಕಥೆಯನ್ನು ಕನ್ನಡದಲ್ಲಿ ಬರೆಯಬೇಕೆಂಬುದು ನನ್ನ ದೊಡ್ಡ ಆಸೆ. ಬರೆಯಲು ಹೊರಡುವವರು ಮಳೆ ಬಿಟ್ಟ ಮೇಲೆ ನಮ್ಮ ಮನೆಗೆ ಬನ್ನಿ. ನನ್ನಲ್ಲಿರುವ ಪುಸ್ತಕಗಳನ್ನೆಲ್ಲ ಮುಂದಿಡುತ್ತೇನೆ, ಬೆಳಗಿನ ಬಸ್ಸಿಗೆ ಕೋಟೆಗೂ ಜೊತೆಯಲ್ಲಿ ಬರುತ್ತೇನೆ.

ನಮಸ್ಕಾರ.