ಡಿಗ್ರಿ ಮುಗೀತು, ಮಂದಿ ನಡುವಿನ ಕೆಲಸಕ್ಕ ಬರ್ತೀರೇನು?

ಧಾರವಾಡ ಆಕಾಶವಾಣಿ ಕೇಳಾಕತ್ತಿರೋ ಎಲ್ಲಾರಿಗೂ ನಮಸ್ಕಾರ್ರಿ. ಡಿಗ್ರಿ ರಿಸಲ್ಟ್ ಬಂದ ಹೊತ್ತಿನ್ಯಾಗ ಭಾಳ ಹುಡುಗ್ರು ಹುಡುಗ್ಯಾರು ನನ್ನ ಕೇಳ್ತಾರ, ಮೇಡಂ, ಮಂದಿಗೆ ಉಪಯೋಗ ಆಗೋ ಕೆಲಸಾ ಮಾಡ್ಬೇಕಂತ ಆಸೆ ಐತಿ, ಎನ್‌ಜಿಒ ಸೇರ್ಲೇನು, ಎಂಎಸ್‌ಡಬ್ಲ್ಯೂ ಅಂದ್ರ ಸಮಾಜಕಾರ್ಯದ ಮಾಸ್ಟರ್ ಡಿಗ್ರಿ ಮಾಡ್ಲೇನು, ಇಲ್ಲಾ ಬಿ.ಎಡ್ ಮಾಡಿ ಸಾಲ್ಯಾಗ ಕಲಿಸ್ಲೇನು ಅಂತ. ಕೇಳಿದ್ರ ಖುಷಿ ಆಗ್ತೈತ್ರಿ. ಆದ್ರ ಒಂದು ಮಾತು ಮೊದ್ಲ ಹೇಳ್ತೇನಿ, ಸೇವಾ ಅಂತ ಯಾರು ಎಷ್ಟ ಕರೀಲಿ, ಇದು ಕಲ್ತು ಮಾಡೋ ನೌಕ್ರಿ, ಪಗಾರ ಕೇಳಾಕ ನಾಚ್ಕೋಬ್ಯಾಡ್ರಿ.

ಕಲಿಸೋ ದಾರಿ ಸ್ವಲ್ಪ ಸ್ಪಷ್ಟ ಐತಿ. ಬಿ.ಎಡ್ ಈಗ ಎರಡು ವರ್ಷದ್ದು, ಆರರಿಂದ ಎಂಟನೇತ್ತೆಗೆ ಟಿಇಟಿ ಅಂದ್ರ ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪೇಪರ್, 150ಕ್ಕ ಜನರಲ್‌ದವ್ರಿಗೆ 90 ಬರ್ಬೇಕು. ಸರ್ಟಿಫಿಕೇಟ್ ಜೀವನಪೂರ್ತಿ ನಡೀತೈತಿ, ಖರೆ, ಆದ್ರ ಅದು ಬಂದ ಕೂಡ್ಲೇ ನೌಕ್ರಿ ಬಂದಂಗಲ್ಲ, ಸರ್ಕಾರ ನೇಮಕಾತಿ ಕರೀಬೇಕು, ಮತ್ತ ಪರೀಕ್ಷೆ ಬರೀಬೇಕು, ಅಲ್ಲೀತನಕ ಭಾಳ ಮಂದಿ ಅತಿಥಿ ಶಿಕ್ಷಕರಾಗಿ ದುಡೀತಾರ, ಗೌರವಧನ ಕಡಿಮಿ, ಬ್ಯಾಸಿಗಿ ಸೂಟ್ಯಾಗ ಅದೂ ಇಲ್ಲ. ಇದನ್ನ ಮನ್ಯಾಗ ಮೊದ್ಲ ಕುಂತು ಮಾತಾಡ್ರಿ.

ಎಂಎಸ್‌ಡಬ್ಲ್ಯೂ ಮಾಡೋರಿಗೆ ದೂರ ಹೋಗೋ ಕೆಲಸಿಲ್ಲ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಐತಿ, ಗದಗದ ಹಂತ್ಯಾಕ ನಾಗಾವಿಯೊಳಗ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಐತಿ. ಈ ಕೋರ್ಸಿನ್ಯಾಗ ಕ್ಲಾಸಿನಷ್ಟ ಊರೂರಿಗೆ ಹೋಗಿ ಮಾಡೋ ಫೀಲ್ಡ್‌ವರ್ಕೂ ಮುಖ್ಯ. ಗೆಳ್ಯಾರ ಫೀಲ್ಡ್ ಡೈರಿ ನೋಡಿ ಬರ್ಯೋ ಹುಡುಗ್ರನ್ನ ನೋಡೇನಿ, ಅಂಥವ್ರಿಗೆ ಮುಂದ ಇಂಟರ್‌ವ್ಯೂನ್ಯಾಗ ಒಂದು ಊರಿನ ಬಗ್ಗೆ ಹತ್ತು ನಿಮಿಷ ಮಾತಾಡಾಕ ಬರೂದಿಲ್ಲ.

ಈ ಕೆಲಸ ಹೆಂಗಿರ್ತೈತಿ ಅಂದ್ರ, ಮುಂಡರಗಿ ಕಡೆ ಒಂದು ತಾಂಡಾದಾಗ ಐದನೇತ್ತೆ ಹುಡುಗಿ ಸಾಲಿ ಬಿಟ್ಟಿದ್ಲು. ರಜಿಸ್ಟರ್‌ನ್ಯಾಗ ಆಕಿ ಹೆಸರಿನ ಮುಂದ ಬರೇ ಗೈರು. ಅಪ್ಪ ಅವ್ವ ಗೋವಾಕ್ಕ ಗುಳೆ ಹೋಗಿದ್ರು. ನಾವು ಮಧ್ಯಾಹ್ನ ಹೋದ್ರ ಮನಿಗೆ ಕೀಲಿ, ಸಂಜಿ ಏಳಕ್ಕ ಹೋದಾಗ ಅಜ್ಜಿ ಸಿಕ್ಕಳು. ಶಿಕ್ಷಣದ ಮಹತ್ವ ಹೇಳಾಕ ಹೋದ್ವಿ, ಆಕಿ ಅಂದ್ಲು, "ಸಾಲಿ ಬ್ಯಾಡ ಅಂದವ್ರ್ಯಾರು ತಂಗಿ, ನಾನು ಕೂಲಿಗೆ ಹೋದ್ರ ಈ ಸಣ್ಣಾವ್ನ ನೋಡೋರ್ಯಾರು?" ತೊಡಿ ಮ್ಯಾಲೆ ಮೂರು ತುಂಬಿದ ತಮ್ಮ ಮಲಗಿದ್ದ. ಮರುದಿನ ಅಂಗನವಾಡಿ ಟೀಚರ್ ಜೋಡಿ ಮಾತಾಡಿ ಅವನ ಹೆಸರು ಹಚ್ಚಿದ್ವಿ, ಅಂಗನವಾಡಿ ಸಾಲಿ ಬಾಜೂಕ ಇತ್ತು, ಅಕ್ಕ ತಮ್ಮ ಕೂಡೇ ಬರಾಕ ಚಾಲೂ ಮಾಡಿದ್ರು. ಕಾರಣ ಕೇಳ್ದ ಭಾಷಣಾ ಮಾಡಿ ಬಂದಿದ್ರ ಆ ಹುಡುಗಿ ಮನ್ಯಾಗ ಉಳೀತಿದ್ಲು. ಹಿಂಗ ಕೇಳಿಸ್ಕೊಳ್ಳೋದನ್ನ ಕಲಿಸೋರು ನಿಮಗ ಮೊದ್ಲ ವರ್ಷ ಬೇಕ ಬೇಕು, ಅದಕ್ಕ ಸಂಸ್ಥಾದ ಹೆಸರಿಗಿಂತ ನಿಮ್ಮ ಮ್ಯಾಲೆ ಯಾರು ಇರ್ತಾರ, ಅವ್ರು ತಿಂಗಳಿಗೊಮ್ಮೆ ಆದ್ರೂ ನಿಮ್ಮ ಜೋಡಿ ಊರಿಗೆ ಬರ್ತಾರೇನು ಅನ್ನೋದನ್ನ ವಿಚಾರಿಸ್ರಿ.

ಇನ್ನ ರೊಕ್ಕದ ಮಾತು. 2013ರ ಕಂಪನಿ ಕಾಯ್ದೆ ಬಂದ ಮ್ಯಾಲೆ ದೊಡ್ಡ ಕಂಪನಿಗಳು ಲಾಭದ ಎರಡು ಪರ್ಸೆಂಟ್ ಸಿಎಸ್‌ಆರ್‌ಗೆ ಅಂದ್ರ ಸಮಾಜದ ಕೆಲಸಕ್ಕ ಖರ್ಚು ಮಾಡ್ಬೇಕು, ಎಷ್ಟೋ ಎನ್‌ಜಿಒ ಪ್ರಾಜೆಕ್ಟ್ ನಡ್ಯೋದು ಅದರ ಮ್ಯಾಲ. ಪ್ರಾಜೆಕ್ಟ್ ಮುಗೀತಂದ್ರ ನೌಕ್ರಿನೂ ಮುಗೀಬಹುದು. ಅದಕ್ಕ ಸೇರೋ ಮೊದ್ಲ ಬಾಯಿ ಬಿಟ್ಟು ಕೇಳ್ರಿ, ಪ್ರಾಜೆಕ್ಟ್ ಎಷ್ಟು ದಿನದ್ದು, ಪಿಎಫ್ ಐತೇನು, ಅಡ್ಡಾಡೋ ಖರ್ಚು ಯಾರದು, ಹೆಣ್ಮಕ್ಕಳು ತಡಾ ಮಾಡಿ ಊರಿಂದ ಬರೋದಿದ್ರ ಏನು ವ್ಯವಸ್ಥಾ. ಕೇಳಿದ್ದಕ್ಕ ಮುಖ ಸಿಂಡರಿಸೋ ಕಡೆ ಹೋಗಬ್ಯಾಡ್ರಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಾಗೂ ಗುತ್ತಿಗಿ ಮ್ಯಾಲೆ ಸೋಶಿಯಲ್ ವರ್ಕರ್, ಕೌನ್ಸೆಲರ್ ಪೋಸ್ಟ್ ಇರ್ತಾವ, ಜಾಹೀರಾತು ನೋಡ್ಕೋತ ಇರ್ರಿ.

ಮತ್ತ ಸ್ಕೂಟಿ ಆಗ್ಲಿ ಬೈಕ್ ಆಗ್ಲಿ, ಓಡ್ಸಾಕ ಕಲ್ತು ಲೈಸೆನ್ಸ್ ಮಾಡಿಸ್ಕೊಳ್ರಿ, ಸಂಜಿ ಆದ ಮ್ಯಾಲೆ ಭಾಳ ಊರಿಗೆ ಬಸ್ ಇರೂದಿಲ್ಲ, ಮಂದಿ ಮನ್ಯಾಗ ಸಿಗೋದು ಆವಾಗ್ಲೇ. ನಮಸ್ಕಾರ.