ಎದ್ದು ಹೋಗಿ ಬಂದರೂ ಕಾಯುವ ಕೆಲಸ

ಕೇಳುಗರೆಲ್ಲರಿಗೂ ನಮಸ್ಕಾರ.

ನನಗೆ ಮೂವರು ಮಕ್ಕಳು. ದೊಡ್ಡವಳಿಗೆ 7 ವರ್ಷ, ನಡುವಿನವನಿಗೆ 4, ಚಿಕ್ಕವನಿಗೆ ಈಗ ಒಂದೂವರೆ. ಮನೆ ಇರುವುದು ಧಾರವಾಡದಲ್ಲಿ. ಮನೆಯವರು ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದರೆ ರಾತ್ರಿಯೇ ಬರುವುದು. ಮನೆಯಲ್ಲಿ ನಾನು, ಅತ್ತೆ, ಮಕ್ಕಳು.

“ಮೂರು ಮಕ್ಕಳನ್ನು ಕಟ್ಟಿಕೊಂಡು ಹೊಲಿಗೆ ಗಿಲಿಗೆಗೆಲ್ಲ ನಿನಗೆ ಪುರಸೊತ್ತು ಎಲ್ಲಿಂದ ಬರುತ್ತದೆ?” ಎಂದು ಬಹಳ ಜನ ಕೇಳುತ್ತಾರೆ. ಪುರಸೊತ್ತು ಬರುವುದಿಲ್ಲ. ಒಟ್ಟಿಗೆ ಒಂದು ಗಂಟೆ ನನಗೆ ಸಿಕ್ಕ ದಿನವೇ ನೆನಪಿಲ್ಲ. ಹತ್ತು ನಿಮಿಷ ಸಿಗುತ್ತದೆ, ಕೆಲವು ಸಲ ಐದೇ ನಿಮಿಷ. ಕುಕ್ಕರ್ ಮೂರು ಸೀಟಿ ಹೊಡೆಯುವ ತನಕ. ಚಿಕ್ಕವನು ಚುರುಮುರಿ ತಟ್ಟೆ ಮುಂದೆ ಸುಮ್ನೆ ಕೂತಿರುವ ತನಕ. ಆ ಐದು ನಿಮಿಷಕ್ಕೆ ಹೊಂದುವ ಕೆಲಸ ಯಾವುದು ಎಂದು ತಿಳಿಯುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು. ಇವತ್ತು ಅದನ್ನೇ ನಿಮ್ಮ ಹತ್ತಿರ ಹೇಳಬೇಕು ಎಂದು ಬಂದಿದ್ದೇನೆ.

ನಾನು ತವರಿನಲ್ಲಿ ಕಲಿತದ್ದು ಕಸೂತಿ. ಅವ್ವ ಹೇಳಿಕೊಟ್ಟಳು. ನಿಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿರುತ್ತದೆ: ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಥರದ ಹೊಲಿಗೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ. ಎಳೆ ಎಣಿಸಿಯೇ ಗೋಪುರ ಏಳಬೇಕು, ಆನೆ ನಿಲ್ಲಬೇಕು, ತುಳಸಿಕಟ್ಟೆ ಮೂಡಬೇಕು. ಗವಂತಿಯಲ್ಲಿ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತಾ ಮುಂದೆ ಹೋಗಿ, ಅದೇ ದಾರಿಯಲ್ಲಿ ಬಿಟ್ಟ ಜಾಗ ತುಂಬುತ್ತಾ ಹಿಂದೆ ಬರಬೇಕು. ಗಂಟು ಹಾಕುವುದಿಲ್ಲ. ಬಟ್ಟೆ ತಿರುವಿ ನೋಡಿದರೆ ಹಿಂದೆಯೂ ಮುಂದಿನಷ್ಟೇ ಚೆಂದ ಇರಬೇಕು.

ದೊಡ್ಡವಳು ಎರಡು ವರ್ಷದವಳಿದ್ದಾಗ ಇಳಕಲ್ ಸೀರೆಯ ಸೆರಗಿನ ಹತ್ತಿರ ಗೋಪುರ ಹಿಡಿದಿದ್ದೆ. ಹನ್ನೆರಡು, ಹದಿಮೂರು ಎಂದು ಎಳೆ ಎಣಿಸುತ್ತಿರುವಾಗ “ಅವ್ವಾ” ಎಂದು ಕರೆಯುತ್ತಾಳೆ. ಎದ್ದು ಹೋಗಿ ನೀರು ಕುಡಿಸಿ ಬಂದರೆ ಲೆಕ್ಕ ತಪ್ಪಿರುತ್ತದೆ. ಒಂದು ಎಳೆ ತಪ್ಪಿದರೆ ಸಾಕು, ವಾಪಸ್ ಬರುವಾಗ ಹೊಲಿಗೆಗೆ ಹೊಲಿಗೆ ಕೂಡುವುದಿಲ್ಲ. ಬಿಚ್ಚಬೇಕು. ಆ ತಿಂಗಳಿಡೀ ನಾನು ಹಾಕಿದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ. ಬಿಚ್ಚುವಾಗ ಸಿಟ್ಟು ಬರುತ್ತಿತ್ತು. ಆ ಸಿಟ್ಟು ಹೋಗಿ ಮಗುವಿನ ಮೇಲೆ ಬೀಳುತ್ತಿತ್ತು. ಒಂದು ದಿನ ಅವಳು ಬಾಗಿಲಲ್ಲಿ ನಿಂತು, ಕರೆಯಲೋ ಬೇಡವೋ ಎಂದು ನನ್ನ ಮುಖ ನೋಡುತ್ತಿದ್ದಳು. ಅವತ್ತೇ ಸೀರೆ ಮಡಚಿ ಟ್ರಂಕಿನಲ್ಲಿ ಇಟ್ಟೆ. ಕಸೂತಿ ಬಿಟ್ಟಿಲ್ಲ, ಅದಕ್ಕೆ ಬೇಕಾದ ದಿನಗಳು ಬಂದಾಗ ಮತ್ತೆ ತೆಗೆಯುತ್ತೇನೆ.

ಆದರೆ ಕೈ ಸುಮ್ಮನಿರುವುದಿಲ್ಲ ಅಲ್ವಾ. ಬೆಳಿಗ್ಗೆ ಬಡಿದ ರೊಟ್ಟಿ ಮಧ್ಯಾಹ್ನಕ್ಕೆ ಖಾಲಿ. ಒಗೆದು ಹಾಕಿದ ಅಂಗಿ ಸಂಜೆಗೆ ಮಣ್ಣಾಗಿ ಬಂದಿರುತ್ತದೆ. ಅದರಲ್ಲಿ ನನಗೆ ಬೇಸರವಿಲ್ಲ, ಮಕ್ಕಳಿರುವ ಮನೆ ಹಾಗೇ ಇರಬೇಕು. ಆದರೂ ನಾನು ಇವತ್ತು ಮಾಡಿದ್ದು ನಾಳೆಯೂ ಅಲ್ಲೇ ಇರಬೇಕು ಎಂದು ಮನಸ್ಸು ಬಯಸುತ್ತದೆ. ನಾಲ್ಕು ಬೆರಳಷ್ಟು ಆದರೂ ಸರಿ.

ದಾರಿ ತೋರಿಸಿದವರು ಅತ್ತೆ. ನಡುವಿನವನು ಹುಟ್ಟಿ ಆರು ತಿಂಗಳಾಗಿತ್ತು. ಬೇಸಿಗೆ. ತಮ್ಮ ಅತ್ತೆಯ ಹಳೆಯ 9 ಗಜದ ಹತ್ತಿ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಮುಂದೆ ಹಾಕಿ, “ಕೌದಿ ಹಚ್ಚವ್ವಾ. ಅದು ಎಲ್ಲಿ ಬಿಟ್ಟ್ರ ಅಲ್ಲೇ ನಿಂದರ್ತೈತಿ” ಎಂದರು.

ಕೌದಿ ಎಂದರೆ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆ. ಅದರ ಲೆಕ್ಕ ಸರಳ. 9 ಗಜ ಎಂದರೆ 27 ಅಡಿ. ನಾಲ್ಕು ಪದರ ಮಾಡಿದರೆ ಉದ್ದ ಆರೂಮುಕ್ಕಾಲು ಅಡಿ, ಅಗಲ ಸುಮಾರು 4 ಅಡಿ. ಒಬ್ಬರಿಗೆ ಹೊದೆಯಲು ಸಾಕು. ಪದರಗಳ ನಡುವೆ ಹಳೆಯ ಧೋತರ, ಸವೆದ ಹಾಸಿಗೆ ಹೊದಿಕೆ ಹಾಕಬಹುದು. ಮೇಲೆ ಬಣ್ಣದ ಚೂರುಗಳು, ಚೌಕವೋ ಮೂರು ಮೂಲೆಯದೋ. ಸುತ್ತಲೂ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಬಟ್ಟೆ ಸರಿಯದ ಹಾಗೆ ಹಿಡಿಯಬೇಕು. ಆಮೇಲೆ ಅಂಚಿನಿಂದ ಶುರು. ಒಂದು ಸುತ್ತು ಮುಗಿದ ಮೇಲೆ ಬೆರಳಗಲ ಒಳಗೆ ಇನ್ನೊಂದು ಸುತ್ತು. ಹೀಗೆ ನಡುವಿಗೆ ಬಂದು ಸೇರುವ ತನಕ. ಹೊಲಿಗೆ ಒಂದೇ ಥರದ್ದು, ಸೂಜಿ ಕೆಳಗೆ ಇಳಿಸು, ಮೇಲೆ ಎತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಟ್ಟೆ ಹಳೆಯದೇ ಇರಬೇಕು, ಹತ್ತಿಯದೇ ಇರಬೇಕು. ಹೊಸ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗಿ ಸುತ್ತಲಿನ ಹೊಲಿಗೆಯನ್ನೆಲ್ಲ ಎಳೆದು ಸುಕ್ಕು ಮಾಡುತ್ತದೆ. ನೈಲಾನ್ ಸೀರೆ ಸೂಜಿಯ ಕೆಳಗೆ ಜಾರುತ್ತದೆ, ಬೆವರನ್ನೂ ಹೀರುವುದಿಲ್ಲ. ಹತ್ತಾರು ವರ್ಷ ಒಗೆದೊಗೆದು ಮೆತ್ತಗಾದ ಸೀರೆಯ ಹಿತ ಅಂಗಡಿಯ ಯಾವ ರಗ್ಗಿನಲ್ಲೂ ಇಲ್ಲ ಎಂದು ನಾನು ನಂಬಿದ್ದೇನೆ.

ಮೊದಲ ಸುತ್ತು 21 ಅಡಿಗಿಂತ ಜಾಸ್ತಿ. ನನಗೆ ಒಂದು ಸಲ ಕೂತರೆ ಒಂದು ಅಡಿ ಆಗುತ್ತಿತ್ತು. ದಿನಕ್ಕೆ ಐದಾರು ಸಲ ಕೂರುತ್ತಿದ್ದೆ. ಹಾಗಾಗಿ ಒಂದು ಸುತ್ತಿಗೆ ನಾಲ್ಕು ದಿನ. ಒಳಗೆ ಹೋದ ಹಾಗೆ ಸುತ್ತು ಸಣ್ಣದಾಗುತ್ತದೆ, ಕೈಯೂ ಚುರುಕಾಗುತ್ತದೆ. ಮೂರು ತಿಂಗಳಿಗೆ ಮುಗಿಯಿತು. ನಡುವೆ ಜ್ವರ ಬಂತು, ನೆಂಟರು ಬಂದರು, ಒಂದು ವಾರ ಕೌದಿ ಮಡಚಿದ್ದು ಮಡಚಿದ ಹಾಗೇ ಇತ್ತು. ಬಿಡಿಸಿದಾಗ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದೆ ಹೋಯಿತು. ಎಣಿಸುವುದಿಲ್ಲ, ಬಿಚ್ಚುವುದಿಲ್ಲ. “ಅವ್ವಾ” ಎಂದಾಗ ಏಳುವುದಕ್ಕೆ ಕಷ್ಟವೂ ಆಗುವುದಿಲ್ಲ.

ಏಳುವ ಮೊದಲು ಸೂಜಿಯನ್ನು ಮಾತ್ರ ನೋಡಲೇಬೇಕು. ಎರಡನೇ ಕೌದಿಯ ಹೊತ್ತಿಗೆ ಚಿಕ್ಕವನು ಅಂಬೆಗಾಲು ಇಡುತ್ತಿದ್ದ. ಬಾಗಿಲು ಬಡಿದ ಸದ್ದಿಗೆ ಎದ್ದು ಹೋದೆ. ಬಂದು ನೋಡಿದರೆ ದಾರ ಇದೆ, ಸೂಜಿ ಇಲ್ಲ. ಮಗು ಕೌದಿಯ ಮೇಲೆ ಕೂತು ಬಾಯಿ ಆಡಿಸುತ್ತಿದ್ದ. ನನ್ನ ಎದೆ ಒಡೆದು ಹೋಯಿತು. ಬಾಯೊಳಗೆ ಬೆರಳು ಹಾಕಿದೆ, ಅಂಗೈ ಬಿಡಿಸಿದೆ, ಅಂಗಿ ಬಿಚ್ಚಿ ಕೊಡವಿದೆ. ಅತ್ತೆ ಅವನನ್ನು ಎತ್ತಿಕೊಂಡು ಹೊರಗೆ ಹೋದರು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆಯಸ್ಕಾಂತದ ಬೊಂಬೆಯನ್ನು ಕಿತ್ತು ತಂದು ಕೌದಿಯ ಮೇಲೆ ಅಡಿ ಅಡಿಯಾಗಿ ಆಡಿಸಿದೆ. ಒಂದು ಮೂಲೆಯಲ್ಲಿ, ಎರಡು ಪದರದ ನಡುವೆ, ಟಕ್ ಎಂದು ಹಿಡಿಯಿತು. ಸೂಜಿ ಕೈಗೆ ಬಂದ ಮೇಲೂ ಕೈ ನಡುಗುತ್ತಿತ್ತು.

ಅವತ್ತಿನಿಂದ ನಮ್ಮ ಮನೆಯಲ್ಲಿ ಸೂಜಿ ಐದೇ. ಮುಚ್ಚಳ ತಿರುಗಿಸುವ ಡಬ್ಬಿ. ಏಳುವಾಗ ಐದನ್ನೂ ಎಣಿಸಿ, ಮುಚ್ಚಿ, ಕಪಾಟಿನ ಮೇಲಿನ ಹಲಗೆಗೆ. ಬಾಗಿಲು ಬಡಿದವರು ಅರ್ಧ ನಿಮಿಷ ಕಾಯಲಿ.

ಮಕ್ಕಳನ್ನು ದೂರ ಇಟ್ಟು ಹೊಲಿಯುವುದು ಆಗದ ಮಾತು ಎಂದು ಬೇಗ ಗೊತ್ತಾಯಿತು. ನಡುವಿನವನು ಚೂರುಗಳನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುತ್ತಾನೆ. ಕೆಂಪು ಎಲ್ಲ ಅವನ ಪಾಲು, ಕೆಂಪು ಎಲ್ಲಿ ಕೂರಬೇಕು ಎಂದು ಅವನೇ ಹೇಳಬೇಕು. ದೊಡ್ಡವಳು ಅಜ್ಜಿಗೆ ಸೂಜಿಗೆ ದಾರ ಪೋಣಿಸಿ ಕೊಡುತ್ತಾಳೆ. ಈಗ ಸೂಜಿ ಹಿಡಿಯುತ್ತಾಳೆ ಕೂಡ. ಅವಳ ಹೊಲಿಗೆ ಉದ್ದುದ್ದ, ಸೊಟ್ಟ ಸೊಟ್ಟ. ಅದನ್ನು ನಾನು ಬಿಚ್ಚಿ ಸರಿ ಮಾಡಿಲ್ಲ, ಮಾಡುವುದೂ ಇಲ್ಲ. ಅಜ್ಜಿ ಒಂದೊಂದು ಚೂರಿನ ಕಥೆ ಹೇಳುತ್ತಾರೆ. ಇದು ನಿಮ್ಮಪ್ಪನ ಮೊದಲ ಸಾಲಿ ಅಂಗಿ, ಇದು ನಿಮ್ಮ ಸೋದರತ್ತೆಯ ಮದುವೆಯಲ್ಲಿ ತಂದ ಖಣ. ತೊಟ್ಟಿಲಲ್ಲಿ ತಾನು ಹಾಕಿಕೊಂಡಿದ್ದ ಕುಲಾಯಿಯ ಅಂಚು ಕೌದಿಯಲ್ಲಿ ಇದೆ ಎಂದು ಗೊತ್ತಾದ ದಿನ ದೊಡ್ಡವಳು ಮಲಗುವಾಗ ಅದೇ ಮೂಲೆಯನ್ನು ಮುಖಕ್ಕೆ ಎಳೆದುಕೊಂಡಳು.

ಮೂಲೆ ಎಂದಾಗ ನೆನಪಾಯಿತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿಯ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ಹೂವು ಇರುತ್ತದೆ. ಫುಲಾ ಎನ್ನುತ್ತಾರೆ. ಅದಿಲ್ಲದೆ ಕೌದಿ ಮುಗಿದ ಹಾಗಲ್ಲ. ನಾನೂ ನನ್ನ ಕೌದಿಗೆ ಹಾಗೆ ಹೂವು ಇಟ್ಟಿದ್ದೇನೆ.

ಇದಕ್ಕೆಲ್ಲ ಸಮಯ ಹೊಂದಿಸಲು ಕೆಲವು ಕೆಲಸ ಕೈಬಿಟ್ಟಿದ್ದೇನೆ. ಮನೆಯಲ್ಲಿ ಹಾಕುವ ಅಂಗಿಗಳಿಗೆ ಇಸ್ತ್ರಿ ಮಾಡುವುದಿಲ್ಲ. ಮಧ್ಯಾಹ್ನ ಇನ್ನೊಂದು ಸಲ ಕಸ ಗುಡಿಸುವುದಿಲ್ಲ. ಮೊದಲು ಯಾರಾದರೂ ಬಂದರೆ ನಾಚಿಕೆ ಆಗುತ್ತಿತ್ತು, ಈಗ ಆಗುವುದಿಲ್ಲ. ಅಡುಗೆ ಮಾತ್ರ ಎಂದೂ ತಪ್ಪಿಸಿಲ್ಲ.

ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಉಡಲು ಬಾರದ, ಎಸೆಯಲು ಮನಸ್ಸಿಲ್ಲದ ಒಂದು ಹತ್ತಿ ಸೀರೆ ಇರುತ್ತದೆ. ಅದನ್ನು ಒಂದು ಸಲ ಒಗೆದು ಬಿಸಿಲಿಗೆ ಹಾಕಿ. ಅಗಲಕ್ಕೆ ಕತ್ತರಿ ಬೇಡ, ಅಂಚಿನ ಹತ್ತಿರ ಸ್ವಲ್ಪ ಕತ್ತರಿಸಿ ಕೈಯಿಂದ ಹರಿಯಿರಿ. ಎಳೆ ಹಿಡಿದು ನೆಟ್ಟಗೆ ಹರಿಯುತ್ತದೆ. ಆ ಪರ್ ಎನ್ನುವ ಸದ್ದು ಮಕ್ಕಳಿಗೆ ಬಹಳ ಇಷ್ಟ, ಅವರನ್ನೂ ಕರೆಯಿರಿ. ಏಳುವ ಮೊದಲು ಸೂಜಿ ಎಣಿಸಿ.

ನಮಸ್ಕಾರ.