ಫೋಟೊದಲ್ಲಿ ಸ್ಟಾರ್ ಇರಲಿ, ಮಗು ಬೇಡ

ನಮಸ್ಕಾರ. ಮುಂಬೈಯಲ್ಲಿ ಜೂನ್ ಬಂತು ಅಂದ್ರೆ ಎರಡು ಗ್ಯಾರಂಟಿ. ಒಂದು ಮಳೆ. ಇನ್ನೊಂದು, ನಮ್ಮ ಕನ್ನಡದವರ ಸಂಘಗಳಲ್ಲಿ ನೋಟ್‌ಬುಕ್ ವಿತರಣೆ.

ನಾನೂ ಆ ಸ್ಟೇಜ್ ಹತ್ತಿದವನೇ. ಅಪ್ಪ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ನಾನು ಆರನೇ ಕ್ಲಾಸು. ಕೊಟ್ಟದ್ದು ಒಂದು ಡಜನ್ ನೋಟ್‌ಬುಕ್, ಅದಕ್ಕೆ ಕೈ ಹಾಕಿ ನಿಂತವರು ಐದು ಜನ. ನಡುವೆ ಟೀವಿಯಲ್ಲಿ ಬರುವ ಒಬ್ಬ ನಟರು. "ಏ ಮಾಣಿ, ಇಲ್ಲಿ ನೋಡು, ಸ್ವಲ್ಪ ನಗು" ಅಂದರು ಫೋಟೊಗ್ರಾಫರ್. ನಕ್ಕೆ. ಫೋಟೊ ಪೇಪರಿನಲ್ಲಿ ಬಂತು, ಕೆಳಗೆ "ಬಡ ವಿದ್ಯಾರ್ಥಿಗಳಿಗೆ ನೆರವು" ಅಂತ. ಇಡೀ ಚಾಳ್ ನೋಡಿತು. ನಾವು ಬಡವರು ಅಂತ ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ. ನೋಟ್‌ಬುಕ್ ದೀಪಾವಳಿಗೆ ಮುಗಿಯಿತು. "ಫುಕಟ್ ನೋಟ್‌ಬುಕ್" ಅನ್ನುವ ಅಡ್ಡಹೆಸರು ಮಾತ್ರ ಹತ್ತನೇ ಕ್ಲಾಸಿನವರೆಗೂ ನನ್ನ ಜೊತೆಗೇ ಬಂತು.

ಅದಕ್ಕೇ ತುಂಬ ವರ್ಷ ಈ ದೊಡ್ಡ ಹೆಸರಿನವರು, ಚಾರಿಟಿ ಅಂದ್ರೆ ನನಗೆ ಆಗುತ್ತಿರಲಿಲ್ಲ. ಎಲ್ಲಾ ಶೋಕಿ ಅಂತಿದ್ದೆ. ಈಗ ಹಾಗೆ ಹೇಳುವುದಿಲ್ಲ.

ಪೋಲಿಯೊ ನೆನಪಿದೆಯಾ? ಅಮಿತಾಭ್ ಬಚ್ಚನ್ ಟೀವಿಯಲ್ಲಿ ಬಂದು "ದೋ ಬೂಂದ್ ಜಿಂದಗೀ ಕೀ" ಅನ್ನುತ್ತಿದ್ದರು. ಒಂದೊಂದು ಸಲ ಗದರುತ್ತಲೂ ಇದ್ದರು. ಲಸಿಕೆ ಹಾಕಿದವರು ಮನೆ ಮನೆ ತಿರುಗಿದ ಕಾರ್ಯಕರ್ತೆಯರು, ಆ ಮಾತು ಮರೆಯಬಾರದು. ಆದರೆ ಅವರು ಬಾಗಿಲು ತಟ್ಟುವ ಮೊದಲೇ ಒಳಗಿದ್ದವರಿಗೆ ವಿಷಯ ಗೊತ್ತಿತ್ತು, ಅಲ್ವಾ? ಸಹಜವಾಗಿ ಹರಡುವ (ವೈಲ್ಡ್) ಪೋಲಿಯೊದ ಕೊನೆಯ ಕೇಸ್ ದೇಶದಲ್ಲಿ ಸಿಕ್ಕಿದ್ದು 2011ರ ಜನವರಿಯಲ್ಲಿ. ಹೆಸರು ಮಾಡಿದ ಮುಖಕ್ಕೆ ಇಂಥ ಕೆಲಸ ಇದೆ.

ಇನ್ನೊಂದು ನಮ್ಮ ಮುಂಬೈಯದ್ದೇ. ಗೋವಂಡಿಯ ಶಿವಾಜಿ ನಗರ, ದೇವನಾರ್ ಕಸದ ಗುಡ್ಡದ ಬುಡ. ಅಲ್ಲಿನ ಮಕ್ಕಳು, ತಾಯಂದಿರ ನಡುವೆ ಕೆಲಸ ಮಾಡುವ ಸಂಸ್ಥೆ ಅಪ್ನಾಲಯ. ಸಚಿನ್ ತೆಂಡುಲ್ಕರ್ ಅತ್ತೆ ಆನಾಬೆಲ್ ಮೆಹ್ತಾ ಅದರಲ್ಲಿ ದಶಕಗಳ ಕಾಲ ದುಡಿದವರು. ಅದರ ಮೂಲಕ ಸಚಿನ್ ವರ್ಷಕ್ಕೆ 200 ಮಕ್ಕಳಿಗೆ ನೆರವಾಗುತ್ತಾರೆ ಅಂತ ಎಷ್ಟೋ ಸಲ ಸುದ್ದಿಯಾಗಿದೆ. ಸರಿ, ಆ 200ರಲ್ಲಿ ಒಬ್ಬರ ಮುಖವಾದರೂ ನಿಮಗೆ ಗೊತ್ತಾ? ನನಗೂ ಗೊತ್ತಿಲ್ಲ. ನನಗೆ ಹಿಡಿಸಿದ್ದೇ ಅದು.

ನೋಡಿ, ಸ್ಟಾರ್ ಮುಖ ಇರುವುದೇ ಜನ ನೋಡಲಿಕ್ಕೆ. ಅವರ ಹೊಟ್ಟೆಪಾಡೇ ಅದು. ಮಗು ಹಾಗಲ್ಲ. ಅದು ನಾಳೆ ಬೆಳಗ್ಗೆ ಅದೇ ಕ್ಲಾಸಿನಲ್ಲಿ, ಅದೇ ಬೆಂಚಿನಲ್ಲಿ ಕೂರಬೇಕು. ಕಾನೂನಿಗೂ ಈ ವಿಷಯ ಗೊತ್ತಿದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ, ಪೋಷಣೆ, ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ ಯಾವುದನ್ನೂ ಬಹಿರಂಗ ಮಾಡುವಂತಿಲ್ಲ. ತಪ್ಪಿದರೆ 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ನೋಟ್‌ಬುಕ್ ಹಂಚುವ ಸ್ಟೇಜಿಗೆ ಈ ಕಲಂ ನೇರವಾಗಿ ತಾಗದೇ ಇರಬಹುದು. ತಾಗದಿದ್ದರೆ ಏನೀಗ? ಮರ್ಯಾದೆ ಮರ್ಯಾದೆಯೇ.

ಹಳಬರನ್ನು ಕೇಳಿ. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ಹುಡುಗರು ಎಷ್ಟು ಮಂದಿ! ಮುಂದೆ ಅವರಲ್ಲೇ ಕೆಲವರು ಹೋಟೆಲ್ ಮಾಲೀಕರಾದರು, ಶಾಲೆಗೆ ದುಡ್ಡು ಕೊಟ್ಟರು. ಕೊಟ್ಟವರ ಹೆಸರು ಫ್ಯಾನಿನ ರೆಕ್ಕೆಯ ಮೇಲೂ ಇರುತ್ತದೆ. ಅದನ್ನು ನೋಡಿ ನಾವು ಸುಮ್ನೆ ನಗುತ್ತೇವೆ. ಇರಲಿ ಬಿಡಿ, ಫ್ಯಾನಿಗೆ ನಾಚಿಕೆ ಇಲ್ಲ. ಕಲಿತ ಹುಡುಗನ ಹೆಸರು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ.

ಸಂಸ್ಥೆಯವರಿಗೂ ಅವರದ್ದೇ ಕಷ್ಟ ಇದೆ, ಒಪ್ಪುತ್ತೇನೆ. ಕಂಪನಿಗಳು ಸಿಎಸ್‌ಆರ್ ದುಡ್ಡು, ಅಂದ್ರೆ ಸಮಾಜಸೇವೆಗೆ ಅಂತ ಎತ್ತಿಟ್ಟ ದುಡ್ಡು, ಕೊಟ್ಟರೆ ಲೆಕ್ಕ ಕೇಳುತ್ತವೆ. ಲೆಕ್ಕ ಕೊಡಿ. ಎಷ್ಟು ಮಕ್ಕಳು ಶಾಲೆ ಬಿಟ್ಟಿದ್ದರು, ಎಷ್ಟು ಮಂದಿ ವಾಪಸ್ ಬಂದರು, ಯಾರು ಹತ್ತನೇ ಕ್ಲಾಸಿಗೆ ಮುಟ್ಟಿದರು ಅಂತ ತೋರಿಸಿ. ಕಣ್ಣೀರು ಸುರಿಸುವ ಮಗುವಿನ ಕ್ಲೋಸಪ್ ಯಾವ ಆಡಿಟರಿಗೂ ಬೇಡ. ದುಡ್ಡು ಎತ್ತಲಿಕ್ಕೆ ಬೇರೆ ದಾರಿಯೂ ಇದೆ. 1979ರಲ್ಲಿ ಇದೇ ಮುಂಬೈಯಲ್ಲಿ ವಿಮಾನದಲ್ಲಿ ಪರ್ಸರ್ ಆಗಿದ್ದ ರಿಪ್ಪನ್ ಕಪೂರ್, ಆರು ಗೆಳೆಯರನ್ನು ಸೇರಿಸಿಕೊಂಡು, 50 ರೂಪಾಯಿ ಇಟ್ಟುಕೊಂಡು, ಅಮ್ಮನ ಊಟದ ಮೇಜಿನ ಮೇಲೆ ಮಕ್ಕಳಿಗಾಗಿ ಕೆಲಸ ಮಾಡುವ 'ಕ್ರೈ' ಸಂಸ್ಥೆ ಶುರು ಮಾಡಿದರು. ಗ್ರೀಟಿಂಗ್ ಕಾರ್ಡ್ ಮಾರಿ ದುಡ್ಡು ಎತ್ತಿದರು. ದುಡ್ಡು ಕೊಟ್ಟವರ ಕೈಗೂ ಒಂದು ಕಾರ್ಡ್ ಸಿಕ್ಕಿತು. ಎಂಥ ಚಂದದ ವ್ಯಾಪಾರ ಅಲ್ವಾ!

ಈ ಜೂನಿಗೆ ನಮ್ಮ ಸಂಘದ ಕಾರ್ಯದರ್ಶಿಗಳಿಗೆ ಫೋನ್ ಮಾಡಿದ್ದೆ. ನೋಟ್‌ಬುಕ್ಕನ್ನೆಲ್ಲ ಶಾಲೆಯ ಆಫೀಸಿಗೆ ಕಳಿಸಿ, ಸಿನಿಮಾದವರನ್ನು ಧಾರಾಳ ಕರೆಯಿರಿ, ಅವರ ಫೋಟೊ ನೂರು ತೆಗೆಯಿರಿ ಅಂದೆ. "ಅಲ್ಲ ಮಾರಾಯ್ರೆ, ಮಕ್ಕಳಿಲ್ಲದಿದ್ದರೆ ಸ್ಟೇಜ್ ಖಾಲಿ ಕಾಣುವುದಿಲ್ವಾ?" ಅಂದರು.

ಎರಡು ಕುರ್ಚಿ ಜಾಸ್ತಿ ಹಾಕಿಸಿ, ದಾನಿಗಳು ಕೂತುಕೊಳ್ಳಲಿ ಅಂದೆ. ಕಮಿಟಿಯಲ್ಲಿ ಕೇಳಿ ಹೇಳುತ್ತೇನೆ ಅಂದಿದ್ದಾರೆ.